ಸ್ಟ್ಯಾಂಡಿಂಗ್ ಡೆಸ್ಕ್ ಕೊಳ್ಳುವ ಮೊದಲು ಟೇಪು ಹಿಡಿಯಿರಿ: ಕಡಿಮೆ ಖರ್ಚಿನಲ್ಲಿ ಮೈಗೆ ಹೊಂದುವ ಮೇಜು ಆರಿಸುವ ಬಗೆ

ಮನೆಯಿಂದ ಕೆಲಸ ಮಾಡುವವರು ಸ್ಟ್ಯಾಂಡಿಂಗ್ ಡೆಸ್ಕ್, ಅಂದರೆ ಕೂತೂ ನಿಂತೂ ಕೆಲಸ ಮಾಡಲು ಏರಿಳಿಯುವ ಮೇಜು ಕೊಳ್ಳಲು ಹೊರಟರೆ ಸಾಮಾನ್ಯವಾಗಿ ಹೀಗಾಗುತ್ತದೆ. ಆನ್‌ಲೈನ್‌ನಲ್ಲಿ ಹುಡುಕುತ್ತಾರೆ, ಕಡಿಮೆ ಬೆಲೆಯದನ್ನು ಮೇಲೆ ಬರುವಂತೆ ಜೋಡಿಸುತ್ತಾರೆ, ನಾಲ್ಕು ಸ್ಟಾರ್ ಇರುವ ಒಂದನ್ನು ತರಿಸುತ್ತಾರೆ. ನಿಂತು ಕೆಲಸ ಮಾಡಿದರೆ ಚೆನ್ನಾಗಿಯೇ ಇರುತ್ತದೆ. ಕೂತಾಗ ಮಾತ್ರ ಭುಜ ಮೇಲೆದ್ದಿರುತ್ತದೆ, ಸಂಜೆ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ. ಆ ಮೇಜು ಅವರಿಗೆ ಬೇಕಾದಷ್ಟು ಕೆಳಗೆ ಇಳಿಯುವುದೇ ಇಲ್ಲ.

ಇಂಥ ಮೇಜು ಎಷ್ಟು ಮೇಲೆ ಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಬಹಳ ಜನರ ಎತ್ತರಕ್ಕೆ ಕೇಳಬೇಕಾದ ಪ್ರಶ್ನೆ, ಅದು ಎಷ್ಟು ಕೆಳಗೆ ಬರುತ್ತದೆ ಅನ್ನುವುದು. ಸ್ಟ್ಯಾಂಡಿಂಗ್ ಡೆಸ್ಕ್ ತಂದವರೂ ದಿನದ ಜಾಸ್ತಿ ಹೊತ್ತು ಕೂತೇ ಇರುತ್ತಾರೆ, ಅಲ್ವಾ? ಕೂರುವ ಎತ್ತರ ಸರಿಯಿಲ್ಲದ ಮೇಜಿಗೆ ಎಷ್ಟು ಕಡಿಮೆ ದುಡ್ಡು ಕೊಟ್ಟರೂ ಅದು ದುಬಾರಿಯೇ.

ಮೊದಲು: ಯಾವ ಆಸೆಯಿಂದ ಕೊಳ್ಳುತ್ತಿದ್ದೀರಿ?

ತೂಕ ಇಳಿಸುವುದಕ್ಕಾದರೆ ಬೇಡ. 2018ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೂರುವುದಕ್ಕಿಂತ ನಿಲ್ಲುವುದರಲ್ಲಿ ನಿಮಿಷಕ್ಕೆ 0.15 ಕ್ಯಾಲರಿ ಮಾತ್ರ ಹೆಚ್ಚು ಖರ್ಚಾಗುತ್ತದೆ ಅಂತ ಕಂಡುಬಂತು. 65 ಕೆ.ಜಿ. ತೂಕದವರು ದಿನಕ್ಕೆ 6 ಗಂಟೆ ನಿಂತರೆ 54 ಕ್ಯಾಲರಿ. ಹೆಚ್ಚುಕಡಿಮೆ ಒಂದು ಇಡ್ಲಿ.

ದಿನವಿಡೀ ನಿಲ್ಲುವ ಯೋಚನೆಯಿದ್ದರೆ ಅದೂ ಬೇಡ. ಪಕ್ಕದ ಕೇರಳದಲ್ಲಿ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿವರೆಗೆ ನಿಂತು ಕಾಲು ನೋವಿನಿಂದ ಬಳಲಿ, ಕೂರುವ ಹಕ್ಕಿಗಾಗಿಯೇ ಹೋರಾಟ ಮಾಡಿದರು. 2018ರಲ್ಲಿ ಅಲ್ಲಿನ ಅಂಗಡಿ ಕಾಯ್ದೆಗೆ ತಿದ್ದುಪಡಿ ಬಂತು. 2021ರಲ್ಲಿ ತಮಿಳುನಾಡು ಕೂಡ ಅಂಥದೇ ಕಾನೂನು ತಂದಿತು. ನಿಂತೇ ಇರುವುದು ಆರೋಗ್ಯ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಹಾಗಾದರೆ ಲಾಭ ಎಲ್ಲಿದೆ? ಬದಲಾವಣೆಯಲ್ಲಿ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದರೆ ಬೆನ್ನು, ಸೊಂಟ, ಕತ್ತು ಬಿಗಿಯುತ್ತವೆ. ಕೂತು, ಎದ್ದು, ಸ್ವಲ್ಪ ಓಡಾಡಿ, ಮತ್ತೆ ಕೂತರೆ ಮೈ ಹಗುರ ಆಗುತ್ತದೆ. 2015ರಲ್ಲಿ ಬ್ರಿಟನ್ನಿನ ತಜ್ಞರ ಗುಂಪೊಂದು ಕಚೇರಿ ಕೆಲಸದವರಿಗೆ ಕೊಟ್ಟ ಸಲಹೆಯೂ ಇದೇ: ಕೆಲಸದ ಹೊತ್ತಿನಲ್ಲಿ ನಿಲ್ಲುವುದು ಮತ್ತು ಓಡಾಡುವುದು ಎರಡೂ ಸೇರಿ 2 ಗಂಟೆಯಿಂದ ಶುರು ಮಾಡಿ, ನಿಧಾನಕ್ಕೆ 4 ಗಂಟೆಗೆ ಏರಿಸಿ. ನಿಮಗೆ ಬೇಕಿರುವುದು ಸುಲಭವಾಗಿ ಏಳುವುದಕ್ಕೂ ಕೂರುವುದಕ್ಕೂ ಬಿಡುವ ಮೇಜು. ಕಾಲಿನ ನರ ಉಬ್ಬಿದ್ದರೆ, ಮಂಡಿ ನೋವಿದ್ದರೆ, ಗರ್ಭಿಣಿಯಾಗಿದ್ದರೆ ಒಮ್ಮೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಇದು ಬೆನ್ನುನೋವಿಗೆ ಚಿಕಿತ್ಸೆ ಅಲ್ಲ.

ಎರಡನೆಯದು: ನಿಮ್ಮ ಎರಡು ಅಳತೆ

ದಯವಿಟ್ಟು ಈ ಹೆಜ್ಜೆ ಬಿಡಬೇಡಿ. ಐದು ನಿಮಿಷದ ಕೆಲಸ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ದಿನಾ ಬಳಸುವ ಕುರ್ಚಿಯಲ್ಲಿ ಕೂರಿ. ಪಾದ ಪೂರ್ತಿ ನೆಲಕ್ಕೆ ತಾಗಿರಲಿ, ಮಂಡಿ ಹೆಚ್ಚುಕಡಿಮೆ ಲಂಬಕೋನದಲ್ಲಿ ಇರಲಿ. ಭುಜ ಸಡಿಲ ಬಿಡಿ. ಮೊಣಕೈಯನ್ನು 90 ಡಿಗ್ರಿಗೆ ಮಡಚಿ. ಈಗ ನೆಲದಿಂದ ಮೊಣಕೈಯ ಕೆಳಭಾಗದವರೆಗೆ ಅಳೆಯಬೇಕು. ಅಳೆಯುವವರು ಬೇರೆಯವರಾಗಿರಲಿ. ನೀವೇ ಬಗ್ಗಿ ಟೇಪು ನೋಡಿದರೆ ಭುಜ ಇಳಿದು ಲೆಕ್ಕ ತಪ್ಪುತ್ತದೆ. ಆಮೇಲೆ ಎದ್ದು ನಿಂತು ಅದೇ ರೀತಿ ಇನ್ನೊಂದು ಅಳತೆ. ಮನೆಯಲ್ಲಿ ಬರಿಗಾಲಲ್ಲಿ ಇರುತ್ತೀರೋ, ಚಪ್ಪಲಿ ಹಾಕುತ್ತೀರೋ, ಹಾಗೆಯೇ ನಿಲ್ಲಿ.

ಕೀಬೋರ್ಡಿಗೂ ಒಂದಿಷ್ಟು ದಪ್ಪ ಇರುವುದರಿಂದ ಮೇಜಿನ ಮೇಲ್ಮೈ ಈ ಅಳತೆಗಿಂತ ಒಂದೆರಡು ಸೆಂ.ಮೀ. ಕೆಳಗಿದ್ದರೆ ಒಳ್ಳೆಯದು.

5 ಅಡಿ 3 ಇಂಚು, ಅಂದರೆ 160 ಸೆಂ.ಮೀ. ಎತ್ತರದವರಿಗೆ ಕೂತಾಗಿನ ಅಳತೆ ಸುಮಾರು 60ರಿಂದ 64 ಸೆಂ.ಮೀ., ನಿಂತಾಗ 100ರ ಆಸುಪಾಸು. 5 ಅಡಿ 7 ಇಂಚಿನವರಿಗೆ ಕೂತಾಗ 64ರಿಂದ 68, ನಿಂತಾಗ 105ರಿಂದ 108. ಆರು ಅಡಿಯವರಿಗೆ ನಿಂತಾಗ ಸುಮಾರು 115. ಇವು ಅಂದಾಜು ಅಷ್ಟೇ. ಒಂದೇ ಎತ್ತರದ ಇಬ್ಬರಿಗೆ ತೋಳಿನ ಉದ್ದ ಬೇರೆ ಬೇರೆ ಇರುತ್ತದೆ.

ಈಗ ಅಂಗಡಿಯ ಲೆಕ್ಕ ನೋಡಿ. ಸಾಮಾನ್ಯ ಮೇಜು ಸುಮಾರು 75 ಸೆಂ.ಮೀ. ಇರುತ್ತದೆ. ಕಡಿಮೆ ಬೆಲೆಯ ಏರಿಳಿಯುವ ಮೇಜುಗಳ ಕಾಲು ಎರಡು ಹಂತದ್ದು, ಅಂದರೆ ಒಂದು ಕೊಳವೆಯೊಳಗೆ ಇನ್ನೊಂದು. ಅವು ಹೆಚ್ಚಾಗಿ 70-72 ಸೆಂ.ಮೀ.ಯಿಂದ 118-120ರವರೆಗೆ ಹೋಗುತ್ತವೆ. ಮೂರು ಹಂತದ ಕಾಲಿನವು 60-62ರಿಂದ ಶುರುವಾಗಿ 125 ದಾಟುತ್ತವೆ, ಬೆಲೆಯೂ ಜಾಸ್ತಿ. ಇನ್ನೊಂದು ಮಾತು, ಬರಿಯ ಫ್ರೇಮಿನ, ಅಂದರೆ ಹಲಗೆ ಬಿಟ್ಟು ಕಾಲು ಮತ್ತು ಕಬ್ಬಿಣದ ಚೌಕಟ್ಟಿನ ವಿವರದಲ್ಲಿ ಬರೆದಿರುವ ಎತ್ತರದಲ್ಲಿ ಹಲವು ಬಾರಿ ಮೇಲಿನ ಹಲಗೆ ಸೇರಿರುವುದಿಲ್ಲ. ಅದಕ್ಕೆ 2 ಅಥವಾ 2.5 ಸೆಂ.ಮೀ. ನೀವೇ ಕೂಡಿಸಿಕೊಳ್ಳಬೇಕು.

ಹಾಗಾಗಿ 5 ಅಡಿ 3 ಇಂಚಿನವರು 72 ಸೆಂ.ಮೀ.ಗೆ ನಿಲ್ಲುವ ಫ್ರೇಮ್ ತಂದು ಹಲಗೆ ಹಾಕಿದರೆ ಕೂತಾಗ ಮೇಜು ಸುಮಾರು 10ರಿಂದ 14 ಸೆಂ.ಮೀ. ಎತ್ತರವಾಗುತ್ತದೆ. ಮೂರು ಹಂತದ ಕಾಲಿಗೆ ಬಜೆಟ್ ಇದ್ದರೆ ಅದೇ ತನ್ನಿ. ಇಲ್ಲದಿದ್ದರೆ ಕುರ್ಚಿಯನ್ನು ಅಷ್ಟು ಎತ್ತರಿಸಿ, ಕಾಲಡಿಗೆ ಏನಾದರೂ ಇಡಿ. ಮನೆಯಲ್ಲಿ ಊಟದ ಮಣೆ ಇದ್ದರೆ ಅದನ್ನೇ ಇಡಿ, ಸಾಲದಿದ್ದರೆ ಎರಡು ಮಣೆ ಒಂದರ ಮೇಲೊಂದು. ಜಾರದ ಹಾಗೆ ನಡುವೆ ಒಂದು ರಬ್ಬರ್ ತುಂಡು ಹಾಕಿ. ನಾಲ್ಕೈದು ಸಾವಿರ ಉಳಿಸುವ ಉಪಾಯ ಇದು. ಆದರೆ ನಿಮ್ಮ ಕುರ್ಚಿ ಅಷ್ಟು ಮೇಲೆ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಮನೆಯಲ್ಲಿ ಇಬ್ಬರು ಒಂದೇ ಮೇಜು ಬಳಸುವುದಾದರೆ ಗಿಡ್ಡ ಇರುವವರ ಕೂರುವ ಎತ್ತರ, ಉದ್ದ ಇರುವವರ ನಿಲ್ಲುವ ಎತ್ತರ, ಇವೆರಡನ್ನೂ ಆ ಮೇಜು ಮುಟ್ಟಬೇಕು.

ಮೂರನೆಯದು: ದುಡ್ಡು ಹಾಕುವ ಮೊದಲು ಪರೀಕ್ಷೆ

ಇರುವ ಮೇಜಿನ ಮೇಲೆ ಗಟ್ಟಿ ರಟ್ಟಿನ ಪೆಟ್ಟಿಗೆಯನ್ನೋ ಚಿಕ್ಕ ಸ್ಟೂಲನ್ನೋ ಇಟ್ಟು ನಿಲ್ಲುವ ಎತ್ತರಕ್ಕೆ ತನ್ನಿ. ಒಂದು ವಾರ ಅದರ ಮೇಲೆ ಕೆಲಸ ಮಾಡಿ ನೋಡಿ. ಅಡುಗೆ ಕಟ್ಟೆ ಸಾಮಾನ್ಯವಾಗಿ 81ರಿಂದ 86 ಸೆಂ.ಮೀ. ಇರುತ್ತದೆ. ಟೈಪ್ ಮಾಡಲು ಅದು ತಗ್ಗು, ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ. ಅದನ್ನು ನೋಡಿ ನಿಲ್ಲುವುದು ನಮಗಲ್ಲ ಅಂತ ತೀರ್ಮಾನಕ್ಕೆ ಬರಬೇಡಿ.

ಈ ವಾರದಲ್ಲಿ ಗಮನಿಸಬೇಕಾದದ್ದು, ಯಾವ ಕೆಲಸಕ್ಕೆ ನೀವು ನಿಲ್ಲುತ್ತೀರಿ ಅನ್ನುವುದು. ಕೆಲವರು ಮೀಟಿಂಗಿಗೆ, ಮೇಲ್ ಓದುವುದಕ್ಕೆ ಮಾತ್ರ ನಿಲ್ಲುತ್ತಾರೆ, ಕೋಡ್ ಬರೆಯಲು ಅಥವಾ ಲೆಕ್ಕಪತ್ರಕ್ಕೆ ಕೂರುತ್ತಾರೆ. ಅಂಥವರಿಗೆ ಮೋಟರ್ ಇರುವ ಮೇಜು ಬೇಕಾಗದೆಯೂ ಇರಬಹುದು.

ನಾಲ್ಕನೆಯದು: ಯಾವ ಬಗೆ, ಎಷ್ಟು ದುಡ್ಡು

ಎಲ್ಲಕ್ಕಿಂತ ಅಗ್ಗದ್ದು ಗೋಡೆಗೆ ಹೊಡೆಯುವ ಹಲಗೆ. ನಿಮ್ಮ ನಿಲ್ಲುವ ಅಳತೆಗೆ ಸರಿಯಾಗಿ ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ 18 ಮಿ.ಮೀ. ಪ್ಲೈವುಡ್, ಕೆಳಗೆ ಎರಡು ಗಟ್ಟಿ ಬ್ರಾಕೆಟ್. ಬಡಗಿಯ ಕೂಲಿ ಸೇರಿ ಎರಡು ಮೂರು ಸಾವಿರದಲ್ಲಿ ಮುಗಿಯಬಹುದು. ಲ್ಯಾಪ್‌ಟಾಪ್ ಎತ್ತಿಕೊಂಡು ಅಲ್ಲಿಗೆ ಹೋಗಿ ನಿಂತರಾಯಿತು. ಕೂರುವುದಕ್ಕೆ ಹಳೆಯ ಮೇಜು ಇದ್ದೇ ಇದೆ. ಕಡಿಮೆ ಬಜೆಟ್ಟಿನವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಡಚುವ ಬ್ರಾಕೆಟ್ ಹಾಕಿಸಿದರೆ ಚಿಕ್ಕ ಕೋಣೆಯಲ್ಲಿ ಜಾಗವೂ ಉಳಿಯುತ್ತದೆ. ಒಂದು ಎಚ್ಚರಿಕೆ: ಹೊಸ ಅಪಾರ್ಟ್‌ಮೆಂಟುಗಳ ಗೋಡೆ ಟೊಳ್ಳು ಬ್ಲಾಕಿನದ್ದೋ ಹಗುರ ಬ್ಲಾಕಿನದ್ದೋ ಆಗಿದ್ದರೆ ಸಾಮಾನ್ಯ ಪ್ಲಗ್ಗು ಹಿಡಿಯುವುದಿಲ್ಲ. ಆ ಗೋಡೆಗೆ ಅಂತಲೇ ಬರುವ ಫಾಸ್ಟನರ್ ಕೇಳಿ ತನ್ನಿ. ಬಾಡಿಗೆ ಮನೆಯಾದರೆ ಡ್ರಿಲ್ ಮಾಡುವ ಮೊದಲು ಮಾಲೀಕರಿಗೆ ಒಂದು ಮಾತು ಹೇಳಿ.

ಕನ್ವರ್ಟರ್ ಅಂತ ಒಂದು ಬರುತ್ತದೆ. ಇರುವ ಮೇಜಿನ ಮೇಲೆ ಇಟ್ಟು ಏರಿಸುವುದು, ಬೆಲೆ ಐದರಿಂದ ಹತ್ತು ಸಾವಿರದ ಸುತ್ತ. ನೋಡಲು ಜಾಣ ಆಯ್ಕೆ ಅನಿಸುತ್ತದೆ. ತೊಂದರೆ ಏನೆಂದರೆ, ಪೂರ್ತಿ ಇಳಿಸಿದಾಗಲೂ ಅದಕ್ಕೇ ಒಂದು ದಪ್ಪ ಇರುತ್ತದೆ, ಹಲವುಗಳಲ್ಲಿ 10 ಸೆಂ.ಮೀ.ಗೂ ಜಾಸ್ತಿ. 75 ಸೆಂ.ಮೀ. ಮೇಜಿನ ಮೇಲೆ ಅದನ್ನಿಟ್ಟರೆ ಕೂರುವ ಎತ್ತರ 85 ಆಗುತ್ತದೆ. ಮೊದಲೇ ಎತ್ತರವಾಗಿದ್ದದ್ದು ಇನ್ನಷ್ಟು ಕೆಡುತ್ತದೆ. ಕೀಬೋರ್ಡಿನ ತಟ್ಟೆ ಮೇಜಿನ ಮಟ್ಟಕ್ಕೆ ಇಳಿಯುವಂಥದ್ದಾದರೆ ಯೋಚಿಸಬಹುದು. ಇಲ್ಲದಿದ್ದರೆ ಬಿಟ್ಟುಬಿಡಿ.

ಒಂದೇ ಕಾಲಿನ, ಗ್ಯಾಸ್ ಒತ್ತಡದಿಂದ ಏರುವ ಚಿಕ್ಕ ಮೇಜುಗಳು ಲ್ಯಾಪ್‌ಟಾಪ್ ಒಂದಕ್ಕೇ ಸರಿ. ದೊಡ್ಡ ಮಾನಿಟರ್ ಇಟ್ಟರೆ ಅಲುಗಾಡುತ್ತವೆ.

ಕೈಯಿಂದ ತಿರುಗಿಸುವ ಹಿಡಿಕೆಯ ಮೇಜಿಗೆ ಕರೆಂಟು ಬೇಡ, ಕೆಡುವ ಭಾಗ ಕಡಿಮೆ. ಆದರೆ ಪ್ರತಿ ಸಲ ಹತ್ತಾರು ಸುತ್ತು ತಿರುಗಿಸಬೇಕು. ದಿನಕ್ಕೆ ಎರಡು ಸಲ ಬದಲಿಸುವ ಶಿಸ್ತು ಇರುವವರಿಗೆ ಚೆನ್ನ. ಗಂಟೆಗೊಮ್ಮೆ ಎದ್ದು ಕೂರುವವರು ಸ್ವಲ್ಪ ದಿನದಲ್ಲೇ ತಿರುಗಿಸುವುದು ಬಿಡುತ್ತಾರೆ.

ಉಳಿದದ್ದು ಮೋಟರ್ ಮೇಜು. ಒಂದು ಮೋಟರಿನವು ಸುಮಾರು 13-18 ಸಾವಿರ, ಎರಡು ಮೋಟರಿನವು 22 ಸಾವಿರದಿಂದ ಮೇಲೆ. ಇದು ಅಂದಾಜು. ದಸರಾ, ದೀಪಾವಳಿಯ ಸೇಲ್ ಹೊತ್ತಿಗೆ ಬೆಲೆ ಇಳಿಯುತ್ತದೆ, ತುರ್ತಿಲ್ಲದಿದ್ದರೆ ಕಾಯಿರಿ. ಕೆಲವು ಕಂಪನಿಗಳು ಮನೆಯ ಆಫೀಸಿಗೆ ಅಂತ ಭತ್ಯೆ ಕೊಡುತ್ತವೆ. ನಿಮ್ಮ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ, ಕಳೆದುಕೊಳ್ಳುವುದೇನೂ ಇಲ್ಲ.

ಬಜೆಟ್ ಹಾಕುವಾಗ ಒಂದನ್ನು ಮರೆಯಬೇಡಿ. ಲ್ಯಾಪ್‌ಟಾಪ್ ಒಂದನ್ನೇ ಇಟ್ಟುಕೊಂಡರೆ ಯಾವ ಮೇಜೂ ನಿಮ್ಮನ್ನು ಕಾಪಾಡಲಾರದು. ಕೈಗೆ ಸರಿಹೋದರೆ ಪರದೆ ತಗ್ಗು, ಕಣ್ಣಿಗೆ ಸರಿಹೋದರೆ ಕೈ ಎತ್ತರ. ಬೇರೆ ಕೀಬೋರ್ಡ್, ಮೌಸ್, ಒಂದು ಲ್ಯಾಪ್‌ಟಾಪ್ ಸ್ಟ್ಯಾಂಡ್ ಸೇರಿ ಎರಡು ಮೂರು ಸಾವಿರ ಪಕ್ಕಕ್ಕಿಡಿ. ದುಡ್ಡು ಸಾಲದಿದ್ದರೆ ಮೇಜಿಗಿಂತ ಮೊದಲು ಇವನ್ನೇ ತನ್ನಿ.

ಐದನೆಯದು: ಫ್ರೇಮ್ ನೋಡುವ ಕಣ್ಣು

ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಎಷ್ಟು ಭಾರ ಹೊರುತ್ತದೆ ಅಂತ. 80 ಕೆ.ಜಿ., 120 ಕೆ.ಜಿ. ನಿಮ್ಮ ಭಾರ ಲೆಕ್ಕ ಹಾಕಿ. ನಾಲ್ಕು ಅಡಿ ಉದ್ದ, ಎರಡು ಅಡಿ ಆಳದ ಹಲಗೆ 9ರಿಂದ 13 ಕೆ.ಜಿ., 24 ಇಂಚಿನ ಮಾನಿಟರ್ ಐದಾರು ಕೆ.ಜಿ., ಲ್ಯಾಪ್‌ಟಾಪ್ ಎರಡು, ಪುಸ್ತಕ, ದೀಪ, ನೀರಿನ ಬಾಟಲಿ. ಎಲ್ಲ ಸೇರಿ 30 ದಾಟುವುದು ಕಷ್ಟ. ಹಾಗಾಗಿ ಆ ಅಂಕಿಗೆ ದುಡ್ಡು ಕೊಡಬೇಡಿ.

ವೇಗವೂ ಅಷ್ಟೇ. ಒಂದು ಮೋಟರಿನದ್ದು ಸೆಕೆಂಡಿಗೆ ಸುಮಾರು 25 ಮಿ.ಮೀ. ಏರಿದರೆ, ಎರಡರದ್ದು ಸುಮಾರು 38 ಮಿ.ಮೀ. 40 ಸೆಂ.ಮೀ. ಏರಲು 16 ಸೆಕೆಂಡೋ ಹತ್ತೂವರೆ ಸೆಕೆಂಡೋ. ಐದು ಸೆಕೆಂಡು ಉಳಿಸಲು ಎಂಟು ಸಾವಿರ ಯಾಕೆ?

ದುಡ್ಡು ಕೊಡಬೇಕಾದದ್ದು ಅಲುಗಾಡದೆ ನಿಲ್ಲುವ ಗುಣಕ್ಕೆ. ಮೇಜು ಕೆಳಗಿದ್ದಾಗ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತವೆ. ಮೇಲಕ್ಕೆ ಹೋದಂತೆ ಬಣ್ಣ ಬಯಲಾಗುತ್ತದೆ. ಅಂಗಡಿಯಲ್ಲಿ ನೋಡುವುದಾದರೆ ಮೇಜನ್ನು ನಿಮ್ಮ ನಿಲ್ಲುವ ಎತ್ತರಕ್ಕೆ ಏರಿಸಿ, ಮುಕ್ಕಾಲು ಲೋಟ ನೀರು ಇಡಿ. ದಿನಾ ಟೈಪ್ ಮಾಡುವ ವೇಗದಲ್ಲಿ ಹಲಗೆಯ ಮೇಲೆ ಬೆರಳಾಡಿಸಿ. ನೀರು ಸಣ್ಣದಾಗಿ ನಡುಗಿದರೆ ಪರವಾಗಿಲ್ಲ. ಲೋಟದ ಅಂಚಿನಿಂದ ಅಂಚಿಗೆ ತೂಗಾಡಿದರೆ ಬೇಡ, ಮಾನಿಟರ್ ಹಾಗೆಯೇ ತೂಗಾಡುತ್ತದೆ. ಆಮೇಲೆ ಮುಂದಿನ ಅಂಚಿಗೆ ಅಂಗೈ ಊರಿ ಹಗುರವಾಗಿ ಹಿಂದಕ್ಕೆ ಮುಂದಕ್ಕೆ ತಳ್ಳಿ. ಪಕ್ಕಕ್ಕೂ ತಳ್ಳಿ. ಮುಂದೆ ಹಿಂದೆ ಆಡುವುದು ಟೈಪ್ ಮಾಡುವಾಗ ಜಾಸ್ತಿ ಕಾಡುತ್ತದೆ.

ಬೆಂಗಳೂರಿನಲ್ಲಿ ಇರುವವರು ನಾಗಸಂದ್ರ ಮೆಟ್ರೊ ನಿಲ್ದಾಣದ ಹತ್ತಿರ 2022ರಲ್ಲಿ ತೆರೆದ ಐಕಿಯಾ ಮಳಿಗೆಗೋ, ಆಫೀಸ್ ಪೀಠೋಪಕರಣದ ಶೋರೂಮಿಗೋ ಹೋಗಿ ಬನ್ನಿ. ಏರಿಳಿಯುವ ಮೇಜು ಡಿಸ್‌ಪ್ಲೇಯಲ್ಲಿ ಇದ್ದರೆ ನಿಂತು, ಕೂತು ನೋಡಿ. ಅಲ್ಲೇ ಕೊಳ್ಳಬೇಕು ಅಂತಿಲ್ಲ, ಗಟ್ಟಿ ಮೇಜು ಹೇಗಿರುತ್ತದೆ ಅನ್ನುವ ಅಂದಾಜು ಕೈಗೆ ಸಿಗುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ಫ್ರೇಮಿನ ತೂಕ ನೋಡಿ. ಹಲಗೆ ಬಿಟ್ಟು ಫ್ರೇಮ್ ಒಂದೇ 25-30 ಕೆ.ಜಿ. ಇದ್ದರೆ ಕಬ್ಬಿಣ ಚೆನ್ನಾಗಿ ಹಾಕಿದ್ದಾರೆ ಅಂತ ಅರ್ಥ. ತೀರಾ ಹಗುರ ಇದ್ದರೆ ಅನುಮಾನಿಸಿ.

ನೆನಪಿನ ಬಟನ್ ಇರಲಿ. ಒಮ್ಮೆ ಒತ್ತಿದರೆ ಕೂರುವ ಎತ್ತರ, ಇನ್ನೊಮ್ಮೆ ಒತ್ತಿದರೆ ನಿಲ್ಲುವ ಎತ್ತರ. ಪ್ರತಿ ಸಲ ಅಂದಾಜಿನಲ್ಲಿ ಒತ್ತಿ ಹಿಡಿಯಬೇಕಾದರೆ ಬೇಗ ಬೇಜಾರಾಗುತ್ತದೆ. ಏನಾದರೂ ತಾಗಿದರೆ ತಾನೇ ನಿಲ್ಲುವ ಸೌಲಭ್ಯ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಕೇ ಬೇಕು, ಬಟನ್ನಿಗೆ ಲಾಕ್ ಕೂಡ. ಬಣ್ಣದ ದೀಪ, ಫೋನ್ ಆ್ಯಪ್, ಅಂಚಿನಲ್ಲಿ ಚಾರ್ಜಿಂಗ್ ಪಾಯಿಂಟ್, ಇವೆಲ್ಲ ಸುಮ್ನೆ.

ಆರನೆಯದು: ಹಲಗೆಯಲ್ಲಿ ಉಳಿತಾಯ

ಇಲ್ಲಿ ನಮ್ಮ ಊರುಗಳಲ್ಲಿ ಒಳ್ಳೆಯ ಅವಕಾಶ ಇದೆ. ಬಹಳ ಕಂಪನಿಗಳು ಫ್ರೇಮ್ ಒಂದನ್ನೇ ಮಾರುತ್ತವೆ. ಹಲಗೆಯನ್ನು ನಿಮ್ಮ ಬಡಗಿಯ ಹತ್ತಿರ ಮಾಡಿಸಿ.

ಎಂಟಕ್ಕೆ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆಯಲ್ಲಿ ನಾಲ್ಕಕ್ಕೆ ಎರಡು ಅಡಿಯ ನಾಲ್ಕು ಹಲಗೆ ಬರುತ್ತವೆ. ನಿಮಗೆ ಬೇಕಿರುವುದು ಒಂದೇ. ಅದಕ್ಕೆ ಪ್ಲೈವುಡ್ ಅಂಗಡಿಯಲ್ಲಿ ಕಟ್ ಪೀಸ್ ಇದೆಯಾ ಅಂತ ಕೇಳಿ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋದರೆ ಆಯ್ಕೆ ಜಾಸ್ತಿ. ಬೇರೆ ಊರುಗಳಲ್ಲಿ ಮನೆ ಕಟ್ಟಿ ಮುಗಿಸಿದವರ ಹತ್ತಿರ, ಇಂಟೀರಿಯರ್ ಮಾಡುವ ಬಡಗಿಗಳ ಹತ್ತಿರ ಉಳಿದ ತುಂಡು ಇದ್ದೇ ಇರುತ್ತದೆ.

ಬಡಗಿಗೆ ಮೂರು ಮಾತು ಹೇಳಿ. ಒಂದು, 18 ಮಿ.ಮೀ.ಗಿಂತ ತೆಳು ಬೇಡ, ಐದು ಅಡಿ ಉದ್ದವಾದರೆ 25 ಒಳ್ಳೆಯದು. ಎರಡು, ಮೇಲೆ ಮಾತ್ರ ಸನ್ಮೈಕಾ ಅಂಟಿಸಿ ಕೆಳಗೆ ಬಿಟ್ಟರೆ ಹಲಗೆ ಕಾಲಕ್ರಮದಲ್ಲಿ ಬಾಗುತ್ತದೆ, ಅಡಿಗೂ ತೆಳುವಾದ ಬ್ಯಾಲೆನ್ಸಿಂಗ್ ಲ್ಯಾಮಿನೇಟ್ ಹಾಕಬೇಕು. ಮೂರು, ಮುಂಗೈ ಊರುವ ಅಂಚನ್ನು ದುಂಡಗೆ ಉಜ್ಜಬೇಕು. ಚೂಪಾದ ಅಂಚಿಗೆ ಕೈ ಊರಿ ಎಂಟು ಗಂಟೆ ಕೆಲಸ ಮಾಡಿ ನೋಡಿದವರಿಗೆ ಇದರ ಬೆಲೆ ಗೊತ್ತು.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಮಲೆನಾಡಿನವರು ಪಾರ್ಟಿಕಲ್ ಬೋರ್ಡಿನ (ಮರದ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ್ದು) ಹಲಗೆ ತರುವ ಮೊದಲು ಎರಡು ಸಲ ಯೋಚಿಸಿ. ಮಳೆಗಾಲದ ತೇವಕ್ಕೆ ಅಂಚು ಬಿಟ್ಟ ಕಡೆ ಅದು ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಸ್ಕ್ರೂ ಕೂಡ ಒಮ್ಮೆ ಸಡಿಲವಾದರೆ ಮತ್ತೆ ಹಿಡಿಯುವುದು ಕಷ್ಟ. ನೀರು ತಡೆಯುವ ದರ್ಜೆಯ ಪ್ಲೈವುಡ್ ಅಥವಾ ರಬ್ಬರ್ ಮರದ ಹಲಗೆ ನಿಮಗೆ ವಾಸಿ. ಬಯಲುಸೀಮೆಯಲ್ಲಿ ಒಳ್ಳೆಯ ಅಂಚುಪಟ್ಟಿ ಇರುವ ಪಾರ್ಟಿಕಲ್ ಬೋರ್ಡ್ ಚೆನ್ನಾಗಿಯೇ ಬಾಳುತ್ತದೆ.

ಆಳ ಎರಡು ಅಡಿ, ಅಂದರೆ 60 ಸೆಂ.ಮೀ., ಲ್ಯಾಪ್‌ಟಾಪಿಗೆ ಸಾಕು. 27 ಇಂಚಿನ ಮಾನಿಟರ್ ಇದ್ದರೆ 70-75 ಬೇಕು, ಇಲ್ಲದಿದ್ದರೆ ಪರದೆ ಮುಖದ ಹತ್ತಿರ ಬರುತ್ತದೆ.

ಏಳನೆಯದು: ಸೆಕೆಂಡ್ ಹ್ಯಾಂಡ್

ಬೆಂಗಳೂರಿನಲ್ಲಿ ಆಫೀಸ್ ಜಾಗ ಬದಲಿಸುವ, ಖಾಲಿ ಮಾಡುವ ಕಂಪನಿಗಳ ಒಳ್ಳೆಯ ಮೇಜುಗಳು ಹಳೆಯ ಪೀಠೋಪಕರಣ ಮಾರುವವರ ಕೈಗೆ ಬರುತ್ತವೆ. ವಿದೇಶಕ್ಕೆ ಹೊರಟವರೂ ಮಾರುತ್ತಾರೆ. ಹೊಸ ಅಗ್ಗದ ಮೇಜಿಗಿಂತ ಹಳೆಯ ಒಳ್ಳೆಯ ಫ್ರೇಮ್ ಎಷ್ಟೋ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೋಡಲು ಹೋದಾಗ ಮೇಜಿನ ಮೇಲೆ 15-20 ಕೆ.ಜಿ. ಭಾರ ಇಟ್ಟು ಕೆಳಗಿನಿಂದ ಮೇಲಿನವರೆಗೆ ಎರಡು ಮೂರು ಸಲ ಓಡಿಸಿ. ಎರಡೂ ಕಾಲು ಒಟ್ಟಿಗೆ ಏರಬೇಕು, ನಡುವೆ ಉಜ್ಜುವ ಸದ್ದು ಬರಬಾರದು. ಆದರೆ ಒಂದು ವಿಷಯ ಗೊತ್ತಿರಲಿ. ಈ ಮೋಟರುಗಳು ಬಿಡದೆ ಓಡಲು ಮಾಡಿದವಲ್ಲ. ಹೆಚ್ಚಿನವುಗಳ ಮೇಲೆ 2 ನಿಮಿಷ ಓಟ, 18 ನಿಮಿಷ ವಿಶ್ರಾಂತಿ ಅಂತ ಬರೆದಿರುತ್ತದೆ. ಪದೇ ಪದೇ ಓಡಿಸಿದಾಗ ಬಿಸಿಯಾಗಿ ನಿಂತರೆ ಅದು ಕೆಟ್ಟಿದೆ ಅಂತಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮೇಜಿನ ಬಟನ್ನುಗಳ ಜೊತೆಗಿರುವ ಚಿಕ್ಕ ಪರದೆಯಲ್ಲಿ ಎರರ್ ಅಂತ ಬಂದರೆ ಬಟನ್ ಕೆಳಮುಖವಾಗಿ ಒತ್ತಿ ಹಿಡಿದು ಪೂರ್ತಿ ಇಳಿಸಿ, ಅದು ರೀಸೆಟ್ ಆಗಿ ಸರಿಹೋಗುವುದು ಸಾಮಾನ್ಯ. ಆಗಲೂ ಸರಿಯಾಗದಿದ್ದರೆ ವಾಪಸ್ ಬನ್ನಿ. ಹಲಗೆಯ ಅಡಿಯಲ್ಲಿರುವ ಕಂಟ್ರೋಲ್ ಬಾಕ್ಸಿನ ಚೀಟಿಯ ಫೋಟೊ ತೆಗೆದುಕೊಳ್ಳಿ. ಮುಂದೆ ಬಿಡಿಭಾಗ ಬೇಕಾದಾಗ ಆ ಮಾಡೆಲ್ ನಂಬರೇ ಬೇಕಾಗುವುದು. ಫ್ರೇಮ್ ಭಾರ ಇರುವುದರಿಂದ ಗೂಡ್ಸ್ ಆಟೋ ಬಾಡಿಗೆ, ಎತ್ತುವವರ ಕೂಲಿ ಸೇರಿಸಿಯೇ ಚೌಕಾಸಿ ಮಾಡಿ.

ಎಂಟನೆಯದು: ಕೋಣೆ, ನೆಲ, ಕರೆಂಟು

ಮೇಜು ಏರುವ ದಾರಿಯಲ್ಲಿ ಗೋಡೆಯ ಶೆಲ್ಫು, ಕಿಟಕಿಯ ಬಾಗಿಲು, ಸ್ವಿಚ್‌ಬೋರ್ಡು ಇದೆಯಾ ನೋಡಿ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಎಲ್ಲ ಕಡೆ ಸಮ ಇರುವುದಿಲ್ಲ, ಕಾಲಿನಡಿ ತಿರುಗಿಸಿ ಎತ್ತರ ಸರಿಮಾಡುವ ಸ್ಕ್ರೂ ಇರುವ ಫ್ರೇಮ್ ಬೇಕು. ನಯವಾದ ಟೈಲ್ಸ್ ಮೇಲೆ ಜಾರದಂತೆ ರಬ್ಬರ್ ಬಿಲ್ಲೆ ಹಾಕಿ.

ನೀವು ನಿಲ್ಲುವ ಜಾಗಕ್ಕೆ ಮೆತ್ತೆ ಬೇಕು. ಬರಿಗಾಲಲ್ಲಿ ಗ್ರಾನೈಟ್ ಮೇಲೆ ಅರ್ಧ ಗಂಟೆ ನಿಂತರೆ ಹಿಮ್ಮಡಿ ಹೇಳುತ್ತದೆ. ಅದಕ್ಕೆಂದೇ ಮಾರುವ ಚಾಪೆಗೆ ಒಂದೂವರೆ ಎರಡು ಸಾವಿರ ಕೊಡುವ ಮೊದಲು ಯೋಗದ ಚಾಪೆಯನ್ನು ಎರಡು ಮೂರು ಮಡಿಕೆ ಮಾಡಿ ನಿಂತು ನೋಡಿ, ಅಥವಾ ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿ ತನ್ನಿ. ಇದರಿಂದ ನಿಮ್ಮ ಎತ್ತರ ಒಂದೆರಡು ಸೆಂ.ಮೀ. ಏರುತ್ತದೆ, ಬಟನ್ನಿನಲ್ಲಿ ಎತ್ತರ ಉಳಿಸುವಾಗ ಅದರ ಮೇಲೆಯೇ ನಿಂತಿರಿ.

ಕರೆಂಟು ಹೋದರೆ ಮೇಜು ಇದ್ದಲ್ಲೇ ನಿಲ್ಲುತ್ತದೆ, ಬೀಳುವುದಿಲ್ಲ. ಮೂರು ಪಿನ್ನಿನ, ಅರ್ತಿಂಗ್ ಸರಿ ಇರುವ ಸಾಕೆಟ್ಟಿಗೇ ಹಾಕಿ. ವೋಲ್ಟೇಜ್ ಏರುಪೇರು ಇರುವ ಊರಾದರೆ ನಡುವೆ ಒಂದು ಸ್ಪೈಕ್ ಗಾರ್ಡ್ ಇರಲಿ. ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೆ ಮೇಜಿನ ಮೋಟರ್ ಹಾಕಬೇಡಿ.

ಒಂಬತ್ತನೆಯದು: ದುಡ್ಡು ಕಟ್ಟುವ ಮೊದಲು ಕೇಳಿ

ಫ್ರೇಮಿಗೆ ಐದು ವರ್ಷ ವಾರಂಟಿ ಅಂತ ದೊಡ್ಡಕ್ಷರದಲ್ಲಿ ಇರುತ್ತದೆ. ಮೋಟರ್, ಕಂಟ್ರೋಲ್ ಬಾಕ್ಸ್, ಬಟನ್ನುಗಳಿಗೆ ಎಷ್ಟು ಅಂತ ಬೇರೆಯಾಗಿ ಕೇಳಿ. ಕಬ್ಬಿಣ ಅಷ್ಟು ಬೇಗ ಕೆಡುವುದಿಲ್ಲ, ಕೆಡುವುದು ಇವೇ. ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯವರು ರಿಪೇರಿಗೆ ಮನೆಗೆ ಬರುತ್ತಾರಾ, ಇಲ್ಲ ನಾವೇ ಕೊರಿಯರ್ ಮಾಡಬೇಕಾ ಅಂತ ಬರಹದಲ್ಲೇ ಕೇಳಿ ಉತ್ತರ ಇಟ್ಟುಕೊಳ್ಳಿ. ಡೀಲರ್ ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ಪೀಠೋಪಕರಣಕ್ಕೆ ಶೇ 18 ಇದೆ, 15 ಸಾವಿರದ ಮೇಲೆ 2,700 ರೂಪಾಯಿ ಆಗುತ್ತದೆ.

ಕೊನೆಗೆ: ಜೋಡಿಸುವುದು

ನೆಲಕ್ಕೆ ಕಂಬಳಿಯನ್ನೋ ಜಮಖಾನವನ್ನೋ ಹಾಸಿ ಹಲಗೆಯನ್ನು ಮಗುಚಿ ಇಡಿ. ಸ್ಕ್ರೂ ಹಾಕುವ ಮೊದಲು ಅದರ ಉದ್ದ ನೋಡಿ. ಫ್ರೇಮಿನ ಜೊತೆ ಬರುವ ಸ್ಕ್ರೂ ಸಾಮಾನ್ಯವಾಗಿ 25 ಮಿ.ಮೀ. ಹಲಗೆಯ ಲೆಕ್ಕದ್ದು. ನಿಮ್ಮದು 18 ಆಗಿದ್ದರೆ ತುದಿ ಮೇಲಿನಿಂದ ಹೊರಬಂದು ಸನ್ಮೈಕಾ ಒಡೆಯಬಹುದು. 16 ಮಿ.ಮೀ. ಸ್ಕ್ರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಮೊದಲು ಸಣ್ಣ ತೂತು ಕೊರೆದು ಆಮೇಲೆ ತಿರುಗಿಸಿ. ಜೋಡಿಸಿದ ಮೇಲೆ ಎತ್ತಿ ನಿಲ್ಲಿಸಲು ಇಬ್ಬರು ಬೇಕು. ಹಲಗೆ ಹಿಡಿದು ಎತ್ತಬೇಡಿ, ಕಬ್ಬಿಣ ಹಿಡಿದು ಎತ್ತಿ.

ವೈರುಗಳನ್ನು ಕಟ್ಟುವಾಗ ಮೇಜು ಪೂರ್ತಿ ಮೇಲಿರಲಿ. ಆ ಎತ್ತರಕ್ಕೆ ಸಾಲುವಷ್ಟು ಸಡಿಲ ಬಿಟ್ಟು ಕಟ್ಟಿ. ಸ್ಪೈಕ್ ಗಾರ್ಡನ್ನು ಹಲಗೆಯ ಅಡಿಗೇ ತಿರುಪು ಹಾಕಿ ಕೂರಿಸಿದರೆ ಗೋಡೆಗೆ ಹೋಗುವುದು ಒಂದೇ ವೈರು. ಸಿಪಿಯು ನೆಲದಲ್ಲಿದ್ದು ವೈರು ಗಿಡ್ಡ ಇದ್ದರೆ, ಮೇಜು ಏರುವಾಗ ಮಾನಿಟರ್ ಕೆಳಗೆ ಬೀಳುತ್ತದೆ.

ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟದಲ್ಲಿ, ಒಂದು ತೋಳಿನ ದೂರದಲ್ಲಿ ಇರಲಿ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದವರು ಇನ್ನೂ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕೆಳಗಿನ ಗಾಜಿನಲ್ಲಿ ನೋಡಲು ಗಲ್ಲ ಎತ್ತಿ ಎತ್ತಿ ಕತ್ತು ನೋಯುತ್ತದೆ. ಮೊದಲ ವಾರ ಒಂದು ಸಲಕ್ಕೆ 15-20 ನಿಮಿಷ ನಿಂತರೆ ಸಾಕು.

ಪೆಟ್ಟಿಗೆ, ಥರ್ಮಾಕೋಲ್ ಎಲ್ಲ ರಿಟರ್ನ್ ಅವಧಿ ಮುಗಿಯುವವರೆಗೆ ಮಂಚದಡಿ ಇಟ್ಟಿರಿ. ಆ ಅವಧಿಯೊಳಗೆ ದಿನಾ ಏರಿಸಿ ಇಳಿಸಿ, ನೀರಿನ ಲೋಟದ ಪರೀಕ್ಷೆಯನ್ನು ಮನೆಯಲ್ಲೂ ಮಾಡಿ. ಎರಡು ಮೂರು ವಾರ ಬಳಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಒಮ್ಮೆ ಬಿಗಿ ಮಾಡಿ. ಹೊಸ ಮೇಜು ಅಲುಗಾಡುತ್ತಿದೆ ಅಂತ ಬರುವ ದೂರುಗಳಲ್ಲಿ ಎಷ್ಟೋ ಅಲ್ಲಿಗೇ ಮುಗಿಯುತ್ತವೆ.